ಒಂದು ಹಗಲಿನ ಕರಾವಳಿ ಬಸ್ ಪ್ರವಾಸ: ಮೊದಲು ಕಿಟಕಿ ನೋಡಿ, ಆಮೇಲೆ ಪಟ್ಟಿ

ಬೆಂಗಳೂರಿನ ಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಭೂಗೋಳ ಪಾಠ ಮಾಡಿದವಳು ನಾನು. ಕರ್ನಾಟಕದ ನಕ್ಷೆ ಬರೆದು, ಅದರ ಎಡ ಅಂಚಿಗೆ ನೀಲಿ ಸೀಮೆಸುಣ್ಣ ಎಳೆದು ‘ಅರಬ್ಬೀ ಸಮುದ್ರ’ ಎಂದು ಬರೆಯುತ್ತಿದ್ದೆ. ಆ ಅಂಚಿನಲ್ಲಿ ಮೊದಲ ಸಲ ಬಸ್ಸಿನಲ್ಲಿ ಕುಳಿತು ಸಾಗಿದಾಗ ನನಗೆ ನಲವತ್ತಾರು. ಆಮೇಲೆ ಒಂಬತ್ತು ಸಲ ಹೋಗಿದ್ದೇನೆ, ಹೆಚ್ಚಾಗಿ ಅಕ್ಕನ ಜೊತೆ. ಅಕ್ಕನಿಗೆ ಮಂಡಿನೋವು, ನಮ್ಮಿಬ್ಬರಿಗೂ ಕಾರು ಓಡಿಸಲು ಬಾರದು. ಹಾಗಾಗಿ ಗೈಡ್ ಇರುವ ಬಸ್ಸೇ ನಮಗೆ ಸರಿ. ಶನಿವಾರ ರಾತ್ರಿ ಬೆಂಗಳೂರು ಬಿಟ್ಟು, ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಕಡಲ ಬದಿಯಲ್ಲಿ ಇದ್ದು, ಸೋಮವಾರ ನಸುಕಿಗೆ ಮನೆ ಸೇರುವ ಬಗೆಯ ಪ್ರವಾಸ ಇದು. ಹೇಗೆ ಹೋದರೆ ಈ ಒಂದು ಹಗಲು ಕೈಗೆ ದಕ್ಕುತ್ತದೆ ಎಂದು ನನ್ನ ಓಣಿಯವರು ಆಗಾಗ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರವಾಸ ಗೊತ್ತುಮಾಡುವ ಮೊದಲು ಕರಪತ್ರದಲ್ಲಿ ಎಷ್ಟು ಜಾಗಗಳಿವೆ ಎಂದು ಎಣಿಸಿ. ನಾಲ್ಕಕ್ಕಿಂತ ಹೆಚ್ಚಿದ್ದರೆ ಆ ಪ್ರವಾಸ ಬೇಡ. ಒಮ್ಮೆ ನಾವು ‘ಒಂಬತ್ತು ತಾಣ, ಒಂದೇ ದಿನ’ ಎಂದು ಅಚ್ಚು ಹಾಕಿದ್ದ ಬಸ್ಸನ್ನು ಹತ್ತಿದ್ದೆವು. ಪ್ರತಿ ಕಡೆ ಇಳಿಯುವುದು, ಚಪ್ಪಲಿ ಹುಡುಕುವುದು, ತಲೆ ಎಣಿಸುವುದು, ಮತ್ತೆ ಹತ್ತುವುದು. ಮರವಂತೆ ತಲುಪುವಾಗ ರಾತ್ರಿ ಏಳೂವರೆ. ಗೈಡ್ ಮೈಕ್ ಹಿಡಿದು, “ಬಲಕ್ಕೆ ಸಮುದ್ರ, ಎಡಕ್ಕೆ ನದಿ” ಎಂದರು. ಕಿಟಕಿಯ ಗಾಜಿನಲ್ಲಿ ನನಗೆ ಕಂಡದ್ದು ನನ್ನ ಮುಖ ಮಾತ್ರ. ಹಿಂದಿನ ಸೀಟಿನ ಪುಟ್ಟ ಹುಡುಗಿ “ಎಲ್ಲಿ, ಅಜ್ಜಿ?” ಎಂದು ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ಆ ನೋವು ಇನ್ನೂ ಇದೆ. ನಮ್ಮ ಕರಾವಳಿಯ ಸೊಬಗು ಇಳಿಯುವ ಜಾಗಗಳಿಗಿಂತ ಅವುಗಳ ನಡುವಿನ ದಾರಿಯಲ್ಲಿ ಹೆಚ್ಚು. ದಾರಿಗೆ ಹಗಲನ್ನು ಉಳಿಸುವ ಪ್ರವಾಸವನ್ನೇ ಆರಿಸಿ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಮತ್ತು ಮುರುಡೇಶ್ವರ ಎರಡನ್ನೂ ಒಂದೇ ಹಗಲಿಗೆ ತುರುಕಿದ ಪಟ್ಟಿಗಳು ಸಿಗುತ್ತವೆ. ಉಡುಪಿಯಿಂದ ಮುರುಡೇಶ್ವರಕ್ಕೆ ಸುಮಾರು ನೂರು ಕಿಲೋಮೀಟರ್. ಹೋಗಿಬರಲು ನಾಲ್ಕು ಗಂಟೆಗೂ ಮೇಲೆ ಬೇಕು. ದೋಣಿಯ ಸರದಿ, ಪಯಣ, ದ್ವೀಪದ ಸುತ್ತಾಟಕ್ಕೆ ಮೂರು ಗಂಟೆ. ಎರಡರಲ್ಲಿ ಒಂದನ್ನು ಬಿಡಲೇಬೇಕು. 123 ಅಡಿಯ ಶಿವನ ಮೂರ್ತಿಯನ್ನೂ, 237 ಅಡಿಯ ಗೋಪುರದ ಮೇಲಿನಿಂದ ಕಾಣುವ ಕಡಲನ್ನೂ ನೋಡುವ ಆಸೆ ಇರುವವರು ದ್ವೀಪ ಬಿಡಲಿ, ತಪ್ಪೇನಿಲ್ಲ. ನನ್ನ ಆಯ್ಕೆ ಮಾತ್ರ ಮರವಂತೆ, ಮಲ್ಪೆ, ಕಾಪು.

ಹಣ ಕಟ್ಟುವ ಮುಂಚೆ ಫೋನಿನಲ್ಲಿ ಕೇಳಬೇಕಾದ ಮಾತುಗಳಲ್ಲಿ ಮೊದಲನೆಯದು ಚಾಲಕರದ್ದು. ರಾತ್ರಿಯಿಡೀ ಬಸ್ ಓಡಿಸಿದವರೇ ಹಗಲೂ ಓಡಿಸುತ್ತಾರೆಯೇ? ಹೌದೆಂದರೆ ಅಲ್ಲಿಗೇ ಫೋನ್ ಇಡಿ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕರಿಗೆ ದಿನಕ್ಕೆ ಎಂಟು ಗಂಟೆಯ ಕೆಲಸವನ್ನು ನಿಗದಿ ಮಾಡಿತ್ತು. ಬೆಂಗಳೂರಿನಿಂದ ಉಡುಪಿಗೆ ಸುಮಾರು 400 ಕಿಲೋಮೀಟರ್. ಅಷ್ಟನ್ನು ಓಡಿಸುವುದರಲ್ಲೇ ಅವರ ದಿನ ಮುಗಿದಿರುತ್ತದೆ. ಎರಡನೆಯದು, ಹಗಲಿಗೆ ಯಾವ ಬಸ್? ಮಲಗುವ ಬಸ್ಸಿನಲ್ಲೇ ಹಗಲೂ ಸುತ್ತಿಸುವವರಿದ್ದಾರೆ. ಕಾಲು ಚಾಚಿಕೊಂಡು, ಕತ್ತು ತಿರುಚಿ ಸಮುದ್ರ ನೋಡುವುದು ಯಾರಿಗೂ ಬೇಡ. ಉಡುಪಿಯಲ್ಲಿ ಕೂರುವ ಸೀಟಿನ, ಅಗಲವಾದ ಗಾಜಿನ ಬೇರೆ ಬಸ್ ಸಿಗಬೇಕು. ಗೈಡ್ ಬೆಂಗಳೂರಿನಿಂದ ಬರುತ್ತಾರೋ ಉಡುಪಿಯಲ್ಲಿ ಹತ್ತುತ್ತಾರೋ ಎಂದೂ ಕೇಳಿ, ಅಲ್ಲಿಯವರಾದರೆ ಒಳ್ಳೆಯದು. ದೋಣಿಯ ಟಿಕೆಟ್ ಸೇರಿದೆಯೇ, ಬೆಳಗ್ಗೆ ಸ್ನಾನಕ್ಕೆ ಕೋಣೆ ಕೊಡುತ್ತಾರೆಯೇ, ಒಂದು ಕೋಣೆಗೆ ಎಷ್ಟು ಜನ, ಇಷ್ಟನ್ನು ಕೇಳಿದರೆ ಸಾಕು.

ಇನ್ನು ಸೀಟು. ಉಡುಪಿಯಿಂದ ಉತ್ತರಕ್ಕೆ ಹೊರಟಾಗ ಕಡಲು ಎಡಕ್ಕೆ ಬರುತ್ತದೆ. ಚಾಲಕರು ಬಲಕ್ಕೆ ಕೂರುತ್ತಾರಲ್ಲ, ಅದರ ಎದುರು ಸಾಲು ಎಂದು ನೆನಪಿಟ್ಟುಕೊಳ್ಳಿ. ಬೆಳಗಿನ ಬಿಸಿಲು ಪೂರ್ವದಿಂದ, ಅಂದರೆ ಬಲದಿಂದ ಬೀಳುವುದರಿಂದ ಎಡಬದಿ ತಂಪಾಗಿಯೂ ಇರುತ್ತದೆ. ನಾವು ರಸ್ತೆಯ ಎಡಕ್ಕೆ ಸಾಗುವವರಾದ್ದರಿಂದ ಚತುಷ್ಪಥದಲ್ಲಿ ಉತ್ತರಕ್ಕೆ ಹೋಗುವ ಬಸ್ಸು ಕಡಲಿಗೆ ಹತ್ತಿರದ ಪಥದಲ್ಲಿರುತ್ತದೆ. ಮರಳುವಾಗ ಅದೇ ಬಸ್ಸು ನದಿಯ ಪಕ್ಕ. ಹಾಗಾಗಿ ಹೋಗುವಾಗಲೂ ಬರುವಾಗಲೂ ಎಡ ಕಿಟಕಿಯಲ್ಲಿ ಕುಳಿತವರಿಗೆ ಒಮ್ಮೆ ಸಮುದ್ರ, ಒಮ್ಮೆ ನದಿ, ಎರಡೂ ಹತ್ತಿರದಿಂದ ಸಿಗುತ್ತವೆ. ಚಕ್ರದ ಮೇಲಿನ ಸೀಟೂ ಹಿಂದಿನ ಸಾಲೂ ಬೇಡ. ಅಕ್ಕನ ಮಂಡಿ ಅದನ್ನು ಎರಡು ಸಲ ಅನುಭವಿಸಿದೆ.

ಹೋಗುವ ಕಾಲ ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇಲ್ಲ, ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿಯುವ ಭಯ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ ಬಂದರಿನ ಗದ್ದಲವೂ ಕಾಣಸಿಗುವುದಿಲ್ಲ.

ರಾತ್ರಿಯ ಪಯಣದ ಬಗ್ಗೆ ಹೇಳುವುದು ಕಡಿಮೆ. ನೆಲಮಂಗಲ, ಕುಣಿಗಲ್, ಹಾಸನ, ಸಕಲೇಶಪುರ. ಅಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಸಂಜೆ ಹಗುರವಾಗಿ ಉಂಡಿರಿ, ಇಲ್ಲದಿದ್ದರೆ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ. ನಾವು ಮೊಸರನ್ನ ತಿಂದು ಹತ್ತುತ್ತೇವೆ, ಸೊಂಟದ ಚೀಲದಲ್ಲಿ ಶುಂಠಿ ಇರುತ್ತದೆ. ಘಾಟಿ ಇಳಿಯುವಾಗ ಕಿವಿ ಕಟ್ಟಿದಂತಾಗಿ ನನಗೆ ಎಚ್ಚರವಾಗುತ್ತದೆ. ಹಿಂದೆ ಬಿಟ್ಟುಬಂದ ಹೇಮಾವತಿಯ ನೀರು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಈಗ ಪಕ್ಕದಲ್ಲಿ ಹರಿಯುತ್ತಿರುವ ಕೆಂಪುಹೊಳೆಯ ನೀರು ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ. ಕತ್ತಲಲ್ಲಿ ಏನೂ ಕಾಣದಿದ್ದರೂ, ನಾಡಿನ ನೀರು ಎರಡಾಗಿ ಒಡೆಯುವ ಗೆರೆಯನ್ನು ದಾಟಿದೆನಲ್ಲ ಎಂದು ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ಉಡುಪಿಯಲ್ಲಿ ಇಳಿದು, ಸ್ನಾನ ಮಾಡಿ, ಸಮಯವಿದ್ದರೆ ಕೃಷ್ಣಮಠಕ್ಕೆ ಹೋಗಿ ನವಗ್ರಹ ಕಿಂಡಿಯಿಂದ ದೇವರನ್ನು ನೋಡಿ, ಬನ್ಸ್ ಅಥವಾ ನೀರುದೋಸೆ ತಿಂದು ಏಳೂವರೆಗೆ ಬಸ್ಸಿನಲ್ಲಿರಿ. ಇಲ್ಲಿಂದ ಮೊಬೈಲನ್ನು ಚೀಲಕ್ಕೆ ಹಾಕಿ, ದಯವಿಟ್ಟು.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಂದಾಪುರದ ಕಡೆಗೆ ಸಾಗುವಾಗ ಸೇತುವೆಗಳನ್ನು ಗಮನಿಸಿ. ಕಲ್ಯಾಣಪುರದ ಬಳಿ ಸ್ವರ್ಣಾ, ಬ್ರಹ್ಮಾವರ ದಾಟಿದ ಮೇಲೆ ಮಾಬುಕಳದಲ್ಲಿ ಸೀತಾ. ಈ ನದಿಗಳೆಲ್ಲ ಪಶ್ಚಿಮಘಟ್ಟದಲ್ಲಿ ಹುಟ್ಟಿ, ಸ್ವಲ್ಪವೇ ದೂರ ಹರಿದು ಕಡಲು ಸೇರುತ್ತವೆ. ಕಡಲು ಹತ್ತಿರವಾದಂತೆ ಓಟ ನಿಧಾನವಾಗಿ, ಹೊತ್ತು ತಂದ ಮಣ್ಣನ್ನು ಕೆಳಗಿಳಿಸುತ್ತವೆ. ಹಾಗೆ ನಡುನೀರಿನಲ್ಲಿ ಎದ್ದ, ತೆಂಗು ತುಂಬಿದ ನಡುಗಡ್ಡೆಗಳಿಗೆ ಇಲ್ಲಿಯ ಜನ ‘ಕುದ್ರು’ ಎನ್ನುತ್ತಾರೆ. ಕುಂದಾಪುರದ ಬಳಿ ಪಂಚಗಂಗಾವಳಿ ಹರಡಿಕೊಂಡಿರುವ ಕಡೆ ಅವು ಒಂದರ ಹಿಂದೊಂದು ಕಾಣುತ್ತವೆ. ಮಾತನ್ನೂ ಕೇಳಿಸಿಕೊಳ್ಳಿ. ಉಡುಪಿಯಲ್ಲಿ ತುಳು ಕೇಳುತ್ತಿದ್ದವರಿಗೆ ಕೋಟದ ಕಡೆ ಬರುತ್ತಿದ್ದಂತೆ ಕುಂದಾಪುರ ಕನ್ನಡ ಕೇಳತೊಡಗುತ್ತದೆ. ನಮ್ಮ ಗೈಡ್ ಒಮ್ಮೆ ಚಹಾದ ಅಂಗಡಿಯ ಮುಂದೆ ಬಸ್ ನಿಲ್ಲಿಸಿ, “ಅಮ್ಮಾ, ಐದು ನಿಮಿಷ ಇಲ್ಲಿ ಸುಮ್ಮನೆ ಕುಳಿತು ಇವರ ಮಾತು ಕೇಳಿ, ಇದೂ ನೋಡುವ ಜಾಗವೇ” ಎಂದರು. ಅಂಥ ಗೈಡ್ ಸಿಕ್ಕಿದರೆ ಅವರ ಹತ್ತಿರದ ಸೀಟಿಗೆ ಸರಿದುಕೊಳ್ಳಿ. ಬಾಯಿಪಾಠ ಒಪ್ಪಿಸುವವರಾದರೂ ಬೇಸರಪಡಬೇಡಿ, ಊರಿನ ಪ್ರಶ್ನೆ ಕೇಳಿ: ಈ ಹೊಳೆಯಲ್ಲಿ ಭರತ ಬಂದಾಗ ಉಪ್ಪುನೀರು ಎಲ್ಲಿಯವರೆಗೆ ಏರುತ್ತದೆ? ನಿಮ್ಮ ಮನೆಯ ಬಾವಿ ನೀರು ಸಿಹಿಯೇ? ಬಾಯಿಪಾಠ ಅಲ್ಲಿಗೆ ನಿಂತು ಮಾತು ಶುರುವಾಗುತ್ತದೆ.

ತ್ರಾಸಿ ಬಂದಾಗ ನೆಟ್ಟಗೆ ಕೂರಿ. ಇದ್ದಕ್ಕಿದ್ದಂತೆ ಎಡಗಡೆಯ ಮನೆ, ತೋಟ, ಬೇಲಿ ಎಲ್ಲ ಮುಗಿದು ಕಡಲು ರಸ್ತೆಗೇ ಬಂದುಬಿಡುತ್ತದೆ. ಬಲಕ್ಕೆ ನೋಡಿದರೆ ಸೌಪರ್ಣಿಕೆ ಅಲೆಯಿಲ್ಲದೆ ಮಲಗಿದೆ, ಅದರಾಚೆ ತೆಂಗಿನ ಸಾಲು, ಅದರ ಹಿಂದೆ ಘಟ್ಟದ ನೀಲಿ. ಕೊಲ್ಲೂರಿನ ಕಡೆಯಿಂದ ಬಂದ ನದಿ ಕಡಲಿಗೆ ಇಷ್ಟು ಹತ್ತಿರವಾಗಿಯೂ ಇಲ್ಲಿ ಅದನ್ನು ಸೇರುವುದಿಲ್ಲ. ಅಲೆಗಳು ಕಟ್ಟಿದ ಮರಳಿನ ದಿಣ್ಣೆ ಅಡ್ಡವಿದೆ. ನದಿ ದಕ್ಷಿಣಕ್ಕೆ ತಿರುಗಿ, ಕಡಲ ಪಕ್ಕದಲ್ಲೇ ಹರಿದು, ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರುತ್ತದೆ. ನಮ್ಮ ಬಸ್ ಓಡುತ್ತಿರುವುದು ಆ ದಿಣ್ಣೆಯ ಮೇಲೆ. ಇಷ್ಟು ವರ್ಷ ಹಲಗೆಯ ಮೇಲೆ ಬರೆದು ತೋರಿಸಿದ್ದು ಕಾಲ ಕೆಳಗೆ ಸಿಕ್ಕಿದ ದಿನ ನಾನು ಅತ್ತಿದ್ದೆ; ಅಕ್ಕ ಏನೂ ಕೇಳದೆ ಕೈ ಹಿಡಿದುಕೊಂಡಳು.

ಇಲ್ಲಿ ಇಳಿದು ಕನಿಷ್ಠ ಮುಕ್ಕಾಲು ಗಂಟೆ ನಿಲ್ಲಲು ಗೈಡ್‌ಗೆ ಮೊದಲೇ ಹೇಳಿಡಿ. ರಸ್ತೆ ದಾಟುವಾಗ ಎಚ್ಚರ, ವಾಹನಗಳು ವೇಗವಾಗಿ ಬರುತ್ತವೆ. ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳ ಮೇಲೆ ಹತ್ತಬೇಡಿ, ಪಾಚಿ ಜಾರುತ್ತದೆ. ನೀರಿಗೆ ಇಳಿಯುವುದಂತೂ ಬೇಡವೇ ಬೇಡ. ಇಲ್ಲಿಯ ಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ.

ಹನ್ನೊಂದರ ಹೊತ್ತಿಗೆ ಮಲ್ಪೆಗೆ ಮರಳಿದರೆ ದೋಣಿಗೆ ಒಳ್ಳೆಯ ಸಮಯ. ಮಧ್ಯಾಹ್ನ ಕಳೆದಂತೆ ಕಡಲಿನಿಂದ ಗಾಳಿ ಏಳುತ್ತದೆ, ದೋಣಿ ತೂಗಾಡುತ್ತದೆ. ದ್ವೀಪದ ಬಳಿ ನಾವು ದೊಡ್ಡ ದೋಣಿಯಿಂದ ಚಿಕ್ಕದಕ್ಕೆ ದಾಟಿ, ಕೊನೆಗೆ ಮೊಣಕಾಲುದ್ದ ನೀರಿನಲ್ಲಿ ಇಳಿಯಬೇಕಾಯಿತು. ಸೀರೆಯವರು ಯೋಚಿಸಿ ಹೊರಡಿ, ಮಂಡಿನೋವಿನವರು ದೋಣಿಯ ಹುಡುಗರಿಗೆ ಮೊದಲೇ ತಿಳಿಸಿ. “ಅಜ್ಜಿ, ನನ್ನ ಭುಜ ಹಿಡಿದುಕೊಳ್ಳಿ” ಎಂದು ಒಬ್ಬ ಹುಡುಗ ಅಕ್ಕನನ್ನು ಮೆಲ್ಲಗೆ ಇಳಿಸಿದ. ರಬ್ಬರ್ ಪಟ್ಟಿಯ ಚಪ್ಪಲಿ, ಟೋಪಿ, ಒಬ್ಬರಿಗೆ ಒಂದು ಲೀಟರ್ ನೀರು ಬೇಕೇ ಬೇಕು. ನೆರಳು ಕಡಿಮೆ.

ದ್ವೀಪದಲ್ಲಿ ಫೋಟೊ ತೆಗೆದು ಮರಳುವವರೇ ಹೆಚ್ಚು. ನೀವು ಆ ಕಂಬದಂಥ ಕಲ್ಲುಗಳ ಮುಂದೆ ಹತ್ತು ನಿಮಿಷ ನಿಲ್ಲಿ, ಒಂದರ ಮೇಲೆ ಕೈಯಿಡಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ನಿಧಾನವಾಗಿ ಆರುತ್ತಾ ಕುಗ್ಗಿ, ಕೆರೆಯ ಒಣಗಿದ ಕೆಸರು ಬಿರಿಯುವ ಹಾಗೆ ಬಿರಿದು, ಐದು ಆರು ಮುಖದ ಕಂಬಗಳಾಯಿತು. ಆಗ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಮಕ್ಕಳು ಜೊತೆಗಿದ್ದರೆ ಮುಖಗಳನ್ನು ಎಣಿಸಲು ಹೇಳಿ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆಂಬ ಕಥೆಯನ್ನು ಗೈಡ್ ಹೇಳಿಯೇ ಹೇಳುತ್ತಾರೆ. ಅದನ್ನೂ ಕೇಳಿ, ಆದರೆ ಕಲ್ಲಿನ ಕಥೆ ಅದಕ್ಕಿಂತ ದೊಡ್ಡದು.

ಊಟಕ್ಕೆ ಎರಡು ಗಂಟೆಯಾಗುತ್ತದೆ. ಮೀನು ತಿನ್ನುವವರು ಅಂಜಲ್ ಅಥವಾ ಬಂಗುಡೆ ಹುರಿದದ್ದನ್ನು ಕುಚ್ಚಲಕ್ಕಿ ಅನ್ನದ ಜೊತೆ ಉಣ್ಣಲಿ; ನಮ್ಮಂಥವರಿಗೆ ಉಡುಪಿಯಲ್ಲಿ ಸಾರು, ಹುಳಿಗೆ ಏನೂ ಕೊರತೆಯಿಲ್ಲ.

ಸಂಜೆಯನ್ನು ಕಾಪುವಿಗೆ ಇಟ್ಟುಕೊಳ್ಳಿ. ಉಡುಪಿಯಿಂದ ದಕ್ಷಿಣಕ್ಕೆ ಅರ್ಧ ಗಂಟೆಯ ದಾರಿ. 1901ರಲ್ಲಿ ಕಟ್ಟಿದ, 27 ಮೀಟರ್ ಎತ್ತರದ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ. ಸಂಜೆ ಕೆಲವು ಹೊತ್ತು ಮಾತ್ರ ಒಳಗೆ ಬಿಡುವುದರಿಂದ ನಾಲ್ಕೂವರೆಗೆ ಅಲ್ಲಿರಬೇಕು. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. “ಮಲ್ಪೆಯಲ್ಲೇ ಸೂರ್ಯಾಸ್ತ ನೋಡೋಣ” ಎಂದು ಬಸ್ಸಿನಲ್ಲಿ ಯಾರಾದರೂ ಎಳೆದಾಡಿದರೆ ಗಟ್ಟಿಯಾಗಿ ಬೇಡವೆನ್ನಿ. ಒಳಗಿನ ಮೆಟ್ಟಿಲು ಸುರುಳಿಯಾಗಿ, ಕಿರಿದಾಗಿದೆ. ಅಕ್ಕ ಕೆಳಗೆ ಮರಳಿನಲ್ಲಿ ಕುಳಿತಳು, ನಾನು ಹತ್ತಿದೆ. ಮೇಲಿನಿಂದ ನೋಡಿದಾಗ ಬೆಳಗಿನಿಂದ ತುಂಡುತುಂಡಾಗಿ ಕಿಟಕಿಯಲ್ಲಿ ಕಂಡ ದಂಡೆ ಉತ್ತರಕ್ಕೂ ದಕ್ಷಿಣಕ್ಕೂ ಒಂದೇ ಗೆರೆಯಾಗಿ ಹೋಗಿತ್ತು. ನನ್ನ ನೀಲಿ ಸೀಮೆಸುಣ್ಣದ ಗೆರೆ ಅದೇ. ಕೆಳಗಿನಿಂದ ಅಕ್ಕ ಸೆರಗು ಬೀಸುತ್ತಿದ್ದಳು.

ಗೈಡ್‌ಗೂ ಚಾಲಕರಿಗೂ ಬೇರೆ ಬೇರೆ ಕವರಿನಲ್ಲಿ ಕೈಲಾದಷ್ಟು ಹಣ ಕೊಡಿ, ಇಬ್ಬರಿಗೂ ಸಮನಾಗಿ. ಉಡುಪಿಯಲ್ಲಿ ಊಟ ಮುಗಿಸಿ ಒಂಬತ್ತರ ಬಸ್ ಹತ್ತಿದರೆ ಬೆಳಗಿನ ಹೊತ್ತಿಗೆ ನೆಲಮಂಗಲ. ಮೆಜೆಸ್ಟಿಕ್‌ವರೆಗೆ ಹೋಗಬೇಡಿ, ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿಯಿರಿ. ನಮಗೆ ಅಲ್ಲಿಂದ ನ್ಯಾಷನಲ್ ಕಾಲೇಜು ನಿಲ್ದಾಣ, ಆಮೇಲೆ ಮನೆಗೆ ಹತ್ತು ನಿಮಿಷದ ನಡಿಗೆ. ಚಪ್ಪಲಿಯನ್ನು ಬಚ್ಚಲಿನಲ್ಲಿ ತೊಳೆಯಬೇಡಿ, ಮರಳು ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಗೇಟಿನ ಹೊರಗೇ ಚೆನ್ನಾಗಿ ಕೊಡವಿ, ಆಮೇಲೆ ಒಳಗೆ ಬನ್ನಿ.