ಬ್ಯಾಂಕಿಗೆ ಬಿದ್ದ ದಂಡದ ಲೆಕ್ಕ ಬಿಡಿಸುವುದು ಹೇಗೆ?

ಅಮೆರಿಕದ ಆರ್ಥಿಕ ನಿರ್ಬಂಧ ಮುರಿದದ್ದಕ್ಕೆ ಬ್ಯಾಂಕಿಗೆ ಕೋಟಿಗಟ್ಟಲೆ ಡಾಲರ್ ದಂಡ ಎಂಬ ಸುದ್ದಿ ಆಗಾಗ ಬರುತ್ತದೆ. ಆ ಮೊತ್ತ ಬಾಯಿಗೆ ಬಂದದ್ದಲ್ಲ, ಅದಕ್ಕೊಂದು ಲೆಕ್ಕ ಇದೆ. ಈ ನಿರ್ಬಂಧಗಳನ್ನು ಜಾರಿ ಮಾಡುವ, ಅಮೆರಿಕದ ಹಣಕಾಸು ಇಲಾಖೆಯ ಒಫ್ಯಾಕ್ (OFAC) ಕಚೇರಿ ತನ್ನ ಆದೇಶಗಳನ್ನು ವೆಬ್‌ಸೈಟಿನಲ್ಲೇ ಹಾಕುತ್ತದೆ. ಅವನ್ನು ಹೀಗೆ ಓದಿ.

ಮೊದಲು, ಹಣ ಯಾವ ದಾರಿಯಲ್ಲಿ ಹೋಯಿತು ನೋಡಿ. ಸುಡಾನಿನ ಮೇಲೆ ನಿರ್ಬಂಧವಿದ್ದಾಗ ಫ್ರಾನ್ಸಿನ ಬ್ಯಾಂಕು ಅಲ್ಲಿನ ಗ್ರಾಹಕರಿಗೆ ದುಡ್ಡು ಕಳಿಸಿದರೆ ಅಮೆರಿಕಕ್ಕೇನು ಅನಿಸಬಹುದು, ಅಲ್ವಾ? ಆದರೆ ಡಾಲರಿನ ಪಾವತಿ ಸಾಮಾನ್ಯವಾಗಿ ನ್ಯೂಯಾರ್ಕಿನ ಬ್ಯಾಂಕೊಂದರ ಮೂಲಕವೇ ಚುಕ್ತಾ ಆಗುತ್ತದೆ. ಅಲ್ಲಿಗೆ ಅದು ಅಮೆರಿಕದ ಕಾನೂನಿಗೆ ಸಿಕ್ಕಿದಂತೆ. ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ನಮ್ಮ ತೈಲ ಕಂಪನಿಗಳು 2012ರ ನಂತರ ಇರಾನ್ ಎಣ್ಣೆಯ ಹಣದ ಒಂದು ಭಾಗವನ್ನು ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಲ್ಲೇ ಕಟ್ಟಿದ್ದು, ನಿರ್ಬಂಧದಿಂದಾಗಿ ಬೇರೆ ದಾರಿಗಳು ಮುಚ್ಚಿದ್ದರಿಂದ.

ಆಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ತಪ್ಪನ್ನು ಬ್ಯಾಂಕು ತಾನಾಗಿ ಬಂದು ಹೇಳಿತೇ? ಕಚೇರಿ ಅದನ್ನು ಅತಿ ಗಂಭೀರ ಎಂದಿದೆಯೇ? ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ. 80,000 ಡಾಲರಿನ ಒಂದೇ ಒಂದು ಪಾವತಿ ಎಂದುಕೊಳ್ಳಿ. ಗಂಭೀರವಲ್ಲ, ತಾನೇ ಹೇಳಿದೆ: ದಂಡ ಪಾವತಿಯ ಅರ್ಧ, ಅಂದರೆ 40,000. ಗಂಭೀರವಲ್ಲ, ಆದರೆ ಹೇಳಲಿಲ್ಲ: ನಿಗದಿ ಪಟ್ಟಿಯ ಪ್ರಕಾರ 1 ಲಕ್ಷ. ಅತಿ ಗಂಭೀರ, ಹೇಳಲೂ ಇಲ್ಲ: ಕಾನೂನಿನ ಗರಿಷ್ಠ ಮೊತ್ತ. 2025ರಲ್ಲಿ ಅದು 3,77,700 ಡಾಲರ್ ಅಥವಾ ಪಾವತಿಯ ದುಪ್ಪಟ್ಟು, ಯಾವುದು ಜಾಸ್ತಿಯೋ ಅದು. ಅತಿ ಗಂಭೀರವಾದರೂ ತಾನೇ ಹೇಳಿದ್ದರೆ ಇದರ ಅರ್ಧ. ಅದೇ ಹಣಕ್ಕೆ 40,000ದಿಂದ 3,77,700ರವರೆಗೆ! ಈ ಅಂತರ ನ್ಯಾಯವೇ ಅನ್ನುತ್ತೇನೆ. ಮುಚ್ಚಿಟ್ಟವರಿಗೆ ಜಾಸ್ತಿ ಬೀಳಲೇಬೇಕು.

ಇದು ಮೂಲ ಮೊತ್ತ ಮಾತ್ರ. ಮೊದಲ ಸಲದ ತಪ್ಪಾದರೆ ಶೇ 25ರವರೆಗೆ ಕಡಿತವಿದೆ. ತಾನೇ ಹೇಳದಿದ್ದರೂ ತನಿಖೆಗೆ ಚೆನ್ನಾಗಿ ಸಹಕರಿಸಿದರೆ ಸಾಮಾನ್ಯವಾಗಿ ಶೇ 25ರಿಂದ 40.

ಆದೇಶದಲ್ಲಿ ತಪ್ಪದೆ ಓದಬೇಕಾದ್ದು ತಪ್ಪು ಹೇಗೆ ನಡೆಯಿತು ಎಂಬ ಭಾಗ. ಫ್ರಾನ್ಸಿನ ಬಿಎನ್‌ಪಿ ಪರಿಬಾ ಬ್ಯಾಂಕಿನ ಪ್ರಕರಣ ನೋಡಿ. ಸುಡಾನ್, ಇರಾನ್, ಕ್ಯೂಬಾದವರ ಹೆಸರು ನ್ಯೂಯಾರ್ಕಿನಲ್ಲಿ ಕಾಣದಂತೆ ಪಾವತಿ ಸಂದೇಶಗಳಿಂದ ತೆಗೆಯಲಾಗಿತ್ತು. ಸುಡಾನಿನ ಹಣ ಮೂರನೇ ದೇಶದ ಬ್ಯಾಂಕುಗಳನ್ನು ಸುತ್ತಿ ಬರುತ್ತಿತ್ತು. ಇದನ್ನು ಕೈತಪ್ಪು ಎನ್ನಲಾಗದು. 2014ರಲ್ಲಿ ಬ್ಯಾಂಕು ತಪ್ಪೊಪ್ಪಿಕೊಂಡಿತು. ತೆತ್ತದ್ದು ಸುಮಾರು 897 ಕೋಟಿ ಡಾಲರ್.

ಇಲ್ಲೊಂದು ಎಚ್ಚರ. ಬೇರೆ ಬೇರೆ ಕಚೇರಿಗಳು ಪ್ರಕಟಿಸಿದ ಮೊತ್ತಗಳನ್ನು ಸುಮ್ನೆ ಕೂಡಿಸಬೇಡಿ. ಈ ಪ್ರಕರಣದಲ್ಲಿ ಒಫ್ಯಾಕ್ ಹೇಳಿದ 96.3 ಕೋಟಿ ಡಾಲರ್ ಆ ಒಟ್ಟು ಮೊತ್ತದೊಳಗೇ ಸೇರಿದೆ.

ಕೊನೆಗೆ, ದುಡ್ಡಲ್ಲದ ಶಿಕ್ಷೆ ಏನಿದೆ ಹುಡುಕಿ. ಇದೇ ಬ್ಯಾಂಕಿಗೆ ಕೆಲವು ವಹಿವಾಟುಗಳಲ್ಲಿ ನ್ಯೂಯಾರ್ಕಿನ ಮೂಲಕ ಡಾಲರ್ ಚುಕ್ತಾ ಮಾಡುವುದನ್ನು 2015ರಲ್ಲಿ ಒಂದು ವರ್ಷ ನಿಲ್ಲಿಸಿದ್ದರು. 13 ನೌಕರರು ಕೆಲಸ ಬಿಡಬೇಕಾಯಿತು.