ನೆರೆನೀರು ನಿಂತ ರಸ್ತೆಯಲ್ಲಿ ವಾಹನ ಓಡಿಸುವವರಿಗೆ

ಮಂಗಳೂರಿನ ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲ್ ರೈಲ್ವೆ ಕೆಳಸೇತುವೆ ಮತ್ತು ಉಡುಪಿಯ ಕಲ್ಸಂಕ, ಜೋರು ಮಳೆ ಬಂದರೆ ಬೇಗನೆ ನೀರು ತುಂಬಿಕೊಳ್ಳುವ ಸ್ಥಳಗಳು. ಗುಡ್ಡಗಳ ಮೇಲಿನ ನೀರು ತಗ್ಗಿಗೆ ಧುಮುಕಿ, ತೋಡು ಮತ್ತು ರಾಜಕಾಲುವೆಗಳು ತುಂಬಿದಾಗ ಅದು ರಸ್ತೆಗೆ ಏರುತ್ತದೆ. ಅದೇ ಹೊತ್ತಿಗೆ ಸಮುದ್ರದಲ್ಲಿ ಉಬ್ಬರವಿದ್ದರೆ ನೀರು ಹೊರಗೆ ಹರಿಯಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. 2018ರ ಮೇ 29ರಂದು ಮಂಗಳೂರು, 2020ರ ಸೆಪ್ಟೆಂಬರ್ 20ರಂದು ಉಡುಪಿ ಇಂತಹ ನೆರೆಯನ್ನು ಕಂಡಿವೆ. ಆದುದರಿಂದ 24 ಗಂಟೆಗಳಲ್ಲಿ 204 ಮಿಲಿಮೀಟರ್‌ಗಿಂತ ಹೆಚ್ಚು ಮಳೆಯ ಸಾಧ್ಯತೆಯನ್ನು ಸೂಚಿಸುವ ರೆಡ್ ಅಲರ್ಟ್ ಇರುವ ದಿನ, ಹೊರಡುವ ಮೊದಲೇ ಉಬ್ಬರದ ಸಮಯವನ್ನೂ ಎತ್ತರದ ಬದಲಿ ದಾರಿಯನ್ನೂ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ನೀರಿನ ಅಂಚಿಗೆ ಬಂದಾಗ ಮೊದಲು ನಿಲ್ಲಿಸಿ ಆಳವನ್ನು ಅಂದಾಜಿಸಬೇಕು. ನಮ್ಮ ಮುರಕಲ್ಲಿನ ಮಣ್ಣಿನಿಂದ ಕೆಂಪಾದ ನೀರಿನಲ್ಲಿ ಹೊಂಡವಾಗಲಿ, ಚಪ್ಪಡಿ ಕಿತ್ತುಹೋದ ಚರಂಡಿಯಾಗಲಿ ಕಾಣುವುದಿಲ್ಲ. ಡಿವೈಡರ್ ಎಷ್ಟು ಮುಳುಗಿದೆ, ಎದುರಿನಿಂದ ಬರುವ ಕಾರಿನ ಚಕ್ರ ಎಷ್ಟು ಕಾಣುತ್ತಿದೆ ಎಂಬುದನ್ನು ನೋಡಿ. ಚಕ್ರದ ಅರ್ಧಕ್ಕೆ ನೀರಿದ್ದರೆ ಸಾಮಾನ್ಯ ಕಾರಿಗೆ ಅದು ಹೆಚ್ಚೇ. ಹರಿಯುವ ನೀರಾದರೆ ಒಂದು ಅಡಿ ಆಳವೇ ಸಣ್ಣ ಕಾರನ್ನು ತೇಲಿಸಿ ಪಕ್ಕಕ್ಕೆ ತಳ್ಳಬಲ್ಲದು. ಮುಂದಿನ ಬಸ್ ದಾಟಿತೆಂದು ಅದರ ಹಿಂದೆಯೇ ಹೋಗುವವರೇ ಹೆಚ್ಚು. ಬಸ್ಸಿನ ಎತ್ತರ ಬೇರೆ, ಅಲ್ಲದೆ ಅದು ಎಬ್ಬಿಸುವ ಅಲೆ ನಿಮ್ಮ ಬಾನೆಟ್‌ನ ಒಳಕ್ಕೇ ನುಗ್ಗುತ್ತದೆ. ಸಂಶಯವಿದ್ದರೆ ಹಿಂದಿರುಗಿ, ಗಂಟೆಗಟ್ಟಲೆ ತಡವಾದರೂ ಅದೇ ಲಾಭ.

ದಾಟಲೇಬೇಕಾದ, ಆಳ ಖಚಿತವಾಗಿರುವ ನಿಂತ ನೀರಾದರೆ, ಮುಂದಿನ ವಾಹನ ಪೂರ್ತಿ ದಾಟುವವರೆಗೆ ಕಾದು, ಎಸಿ ಆರಿಸಿ, ಮೊದಲ ಗೇರ್‌ನಲ್ಲಿ, ಸಾಮಾನ್ಯವಾಗಿ ತುಸು ಎತ್ತರವಾಗಿರುವ ರಸ್ತೆಯ ನಡುಭಾಗದಲ್ಲಿ ನಿಧಾನವಾಗಿ, ಆದರೆ ಎಲ್ಲಿಯೂ ನಿಲ್ಲಿಸದೆ ಸಾಗಬೇಕು. ನಡುವೆ ಗೇರ್ ಬದಲಿಸುವುದೂ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವುದೂ ಬೇಡ. ಒಣ ನೆಲಕ್ಕೆ ಬಂದ ಮೇಲೆ ಬ್ರೇಕನ್ನು ಹಗುರವಾಗಿ ಹಲವು ಸಲ ಒತ್ತಿ, ಅದು ಸರಿಯಾಗಿ ಹಿಡಿಯುತ್ತಿದೆಯೇ ಎಂದು ನೋಡಿಕೊಂಡ ನಂತರವೇ ವೇಗ ಹೆಚ್ಚಿಸಿ. ದ್ವಿಚಕ್ರ ಸವಾರರು ನೀರಿಗೆ ಇಳಿಯದಿರುವುದೇ ಲೇಸು. ಬೈಕ್ ತಳ್ಳಿಕೊಂಡು ಹೋಗುವವರಿಗೂ ತೆರೆದ ಚರಂಡಿಯ ಅಪಾಯ ತಪ್ಪಿದ್ದಲ್ಲ, ಮತ್ತು ವಿದ್ಯುತ್ ಕಂಬಗಳಿಂದ ದೂರವಿರಬೇಕು.

ನೀರಿನ ನಡುವೆ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬಾರದು. ಇದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಸಿಲಿಂಡರ್‌ಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಅದನ್ನು ಒತ್ತಲು ಹೋದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ, ದುರಸ್ತಿಯ ಖರ್ಚು ಹಲವು ಪಟ್ಟು ಏರುತ್ತದೆ. ಬಹಳಷ್ಟು ವಿಮಾ ಪಾಲಿಸಿಗಳು ಹೀಗೆ ಹಾಳಾದ ಎಂಜಿನ್‌ಗೆ, ಪ್ರತ್ಯೇಕ ಎಂಜಿನ್ ರಕ್ಷಣೆಯ ಸೌಲಭ್ಯ ಪಡೆದಿರದಿದ್ದರೆ, ಹಣ ಕೊಡುವುದಿಲ್ಲ.

ನೀರು ಏರುತ್ತಿದ್ದರೆ ಕಾರಿನ ಚಿಂತೆ ಬಿಡಿ. ಸೀಟ್ ಬೆಲ್ಟ್ ಬಿಚ್ಚಿ, ವಿದ್ಯುತ್ ಕೈಕೊಡುವ ಮೊದಲೇ ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳುಹಿಸಿ ಎತ್ತರಕ್ಕೆ ಹೋಗಿ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಚೂಪಾದ ಗಟ್ಟಿ ವಸ್ತುವಿನಿಂದ ಹೊಡೆಯಿರಿ. ಮುಂದಿನ ಗಾಜು ಪದರಗಳಿಂದಾದುದರಿಂದ ಸುಲಭವಾಗಿ ಒಡೆಯುವುದಿಲ್ಲ. ಸುರಕ್ಷಿತ ಸ್ಥಳದಿಂದ 112ಕ್ಕೆ ಕರೆಮಾಡಿ. ನೀರಿಳಿದ ಬಳಿಕ, ಟೋ ಮಾಡಿಸುವ ಮೊದಲು, ಕಾರಿನ ಒಳಗೂ ಹೊರಗೂ ಕೆಸರಿನ ಗೆರೆ ಎಲ್ಲಿಯವರೆಗೆ ಇದೆಯೆಂದು ಕಾಣುವಂತೆ ಫೋಟೊ ತೆಗೆದು ವಿಮಾ ಕಂಪನಿಗೆ ಕಳುಹಿಸಿ, ಬ್ಯಾಟರಿಯ ಸಂಪರ್ಕ ತಪ್ಪಿಸುವ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ.