ಒಂದೇ ರಾತ್ರಿ ಎರಡು ಕಾಟ: ಮೇನ್‌ಫ್ರೇಮ್ ಲಾಗ್ ಓದಿದ ನನ್ನ ಅನುಭವ

"ಸರ್, ಡಿಸ್ಕ್ ಕೈ ಕೊಟ್ಟಿದೆ. ನಮ್ಮ ಪ್ರೋಗ್ರಾಂ ಮುಟ್ಟಿ ಮೂರು ವರ್ಷ ಆಯ್ತು."

ಬ್ರಿಡ್ಜ್ ಕಾಲ್‌ಗೆ, ಅಂದರೆ ತೊಂದರೆ ಬಂದಾಗ ಎಲ್ಲ ಟೀಮುಗಳೂ ಕೂಡುವ ಫೋನ್ ಕಾಲ್‌ಗೆ, ಸೇರಿದ ಕೂಡಲೇ ಕಿವಿಗೆ ಬಿದ್ದ ಮಾತು ಇದು. ಮಾತಾಡಿದ್ದು ಅಪ್ಲಿಕೇಶನ್ ಟೀಮಿನ ಹುಡುಗ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಪ್ರೋಗ್ರಾಂ ನಿಜವಾಗಿಯೂ ಮೂರು ವರ್ಷದಿಂದ ಬದಲಾಗಿರಲಿಲ್ಲ. ಕನ್ಸೋಲ್ ಮೇಲೆ ಡಿಸ್ಕಿನ ಎರರ್ ಮೆಸೇಜುಗಳೂ ನಿಜವಾಗಿಯೂ ಇದ್ದವು. ಆದರೂ ಅವನು ಹೇಳಿದ್ದು ತಪ್ಪು. ಅದು ಗೊತ್ತಾಗಲು ನನಗೆ ಎರಡು ಗಂಟೆ ಹಿಡಿಯಿತು.

ನಾನಾಗ ಬೆಂಗಳೂರಿನಲ್ಲಿ ಕೂತು ಅಮೆರಿಕದ ಪೂರ್ವ ತೀರದ ಒಂದು ಬ್ಯಾಂಕಿನ ಮೇನ್‌ಫ್ರೇಮ್, ಅಂದರೆ ಬ್ಯಾಂಕಿನ ಲೆಕ್ಕ ಓಡುವ ದೊಡ್ಡ ಕಂಪ್ಯೂಟರ್, ನೋಡಿಕೊಳ್ಳುತ್ತಿದ್ದೆ. ಕೆಲಸದ ಹೆಸರು ಸಿಸ್ಟಮ್ಸ್ ಪ್ರೋಗ್ರಾಮರ್. ಬೇಸಿಗೆಯಲ್ಲಿ ನಮಗೂ ಅವರಿಗೂ ಒಂಬತ್ತೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹತ್ತೂವರೆ. ಅವರ ನಡುರಾತ್ರಿಯ ಬ್ಯಾಚ್ (ಸಾಲಾಗಿ ಓಡುವ ಕೆಲಸಗಳು, ಒಂದೊಂದು ಕೆಲಸವೂ ಒಂದು ಜಾಬ್) ಓಡುವಾಗ ನಮ್ಮಲ್ಲಿ ಎರಡನೇ ಕಾಫಿ ಹೊತ್ತು. ಈ ಒಂದು ಗಂಟೆಯ ಹೆಚ್ಚು ಕಡಿಮೆಯಲ್ಲಿ ನಾನು ಒಮ್ಮೆ ಬಿದ್ದಿದ್ದೇನೆ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಿಟ್ಟಿದ್ದು ಮರೆತು, ತಪ್ಪು ಗಂಟೆಯ ಲಾಗ್ ತೆಗೆದು "ಏನೂ ಇಲ್ಲ, ಎಲ್ಲಾ ಕ್ಲೀನ್" ಎಂದು ಬರೆದು ಕಳಿಸಿದ್ದೆ. ಅವತ್ತಿನಿಂದ ಏನೇ ನೋಡುವ ಮುಂಚೆ ಮಿಷಿನ್ನಿನ ಸಮಯವನ್ನೇ ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಐಎಸ್‌ಟಿ ಅನ್ನುವುದನ್ನು ತಲೆಯಿಂದ ತೆಗೆದುಬಿಡುತ್ತೇನೆ.

ಆ ದಿನ ಬರೆದುಕೊಂಡಿದ್ದು ಇಷ್ಟು. ರಾತ್ರಿ 1:12ಕ್ಕೆ ಕನ್ಸೋಲ್‌ನಲ್ಲಿ ಐಓಎಸ್050ಐ, ಅಂದರೆ ಚಾನೆಲ್‌ಗೆ (ಪ್ರೊಸೆಸರಿಗೂ ಡಿಸ್ಕಿಗೂ ನಡುವೆ ಡೇಟಾ ಹೋಗಿಬರುವ ದಾರಿ) ಎರರ್ ಕಂಡಿದೆ. ಅದರ ಹಿಂದೆಯೇ ಒಂದೆರಡು ಐಓಎಸ್051ಐ, ಇಂಟರ್‌ಫೇಸ್ ಟೈಮ್‌ಔಟ್. 1:19ಕ್ಕೆ ಜಾಬ್ ಅಬೆಂಡ್, ಅಂದರೆ ನಡುವೆಯೇ ಬಿದ್ದಿದೆ, ಕೋಡ್ ಎಸ್0ಸಿ7. ನಮ್ಮ ಬಾಯಲ್ಲಿ ಅದು ಸಾಕ್ ಸೆವೆನ್.

ಏಳು ನಿಮಿಷ. ಯಾರಿಗಾದರೂ ಒಂದರಿಂದ ಇನ್ನೊಂದು ಹುಟ್ಟಿತು ಅನ್ನಿಸುತ್ತದೆ, ಅಲ್ವಾ? ನನಗೂ ಮೊದಲ ಹತ್ತು ನಿಮಿಷ ಹಾಗೇ ಅನ್ನಿಸಿತು.

ಅನುಮಾನ ಹುಟ್ಟಿದ್ದು ಅಬೆಂಡ್ ಕೋಡಿನಿಂದ. ಡಿಸ್ಕಿನಿಂದ ಓದಲು ಆಗದೇ ಹೋದರೆ, ಪ್ರೋಗ್ರಾಂ ಆ ಎರರನ್ನು ತಾನೇ ಹಿಡಿಯದಿದ್ದರೆ, ಜಾಬ್ ಬೀಳುವುದು ಸಾಮಾನ್ಯವಾಗಿ ಎಸ್001ರಲ್ಲಿ. ಸಾಕ್ ಸೆವೆನ್ ಅಂದರೆ ಬೇರೆಯೇ ಕಥೆ. ಲೆಕ್ಕ ಮಾಡಬೇಕಾದ ಜಾಗದಲ್ಲಿ ಸಂಖ್ಯೆಯೇ ಇಲ್ಲ ಎಂದು ಪ್ರೊಸೆಸರ್ ದೂರುವುದು. ಕೇಬಲ್‌ನಲ್ಲಿ ಡೇಟಾ ಕೆಟ್ಟು, ಕೆಟ್ಟಿದ್ದೇ ಮೆಮೊರಿಗೆ ಬಂದು ಕೂತಿರಬಹುದಾ? ಫೈಕಾನ್ ಚಾನೆಲ್‌ನಲ್ಲಿ (ಮೇನ್‌ಫ್ರೇಮಿನ ಫೈಬರ್ ದಾರಿ) ಹರಿಯುವ ಪ್ರತಿ ಫ್ರೇಮಿಗೂ, ಅಂದರೆ ಡೇಟಾದ ಪ್ರತಿ ಕಂತಿಗೂ, 32 ಬಿಟ್ಟಿನ ಸಿಆರ್‌ಸಿ ಎಂಬ ತಾಳೆ ಸಂಖ್ಯೆ ಇರುತ್ತದೆ. ಒಂದು ಬಿಟ್ ಹಾಳಾದರೂ ಗೊತ್ತಾಗುತ್ತದೆ, ಆ ಫ್ರೇಮನ್ನು ಎಸೆದು ಐ/ಓ, ಅಂದರೆ ಆ ಓದು ಬರಹ, ಮತ್ತೆ ಮಾಡಿಸುತ್ತಾರೆ. ಐಓಎಸ್050ಐ ಬಂದಿದೆ ಅಂದರೆ ಎರರ್ ಸಿಕ್ಕಿಬಿದ್ದಿದೆ ಎಂದೇ ಅರ್ಥ. ಸಿಕ್ಕಿಬಿದ್ದ ಕಳ್ಳನೇ ಏಳು ನಿಮಿಷದ ಮೇಲೆ ಇನ್ನೊಂದು ಮನೆಗೆ ನುಗ್ಗಿದ ಅಂದರೆ ಹೇಗೆ?

ಹಾಗಾಗಿ ಎರಡನ್ನೂ ಬೇರೆ ಬೇರೆ ಮಾಡಿಕೊಂಡೆ. ಜಾಬ್ ಬಿದ್ದಿದೆ, ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆಗೆಯುವ ಮುಂಚೆ ಅದು ಏಳಬೇಕು. ಅದಕ್ಕೇ ಮೊದಲು ಕೈ ಹಾಕಿದೆ.

ಜಾಬ್ ಲಾಗಿನಲ್ಲಿ ಐಇಎ995ಐ ಎಂಬ ಸಿಂಪ್ಟಮ್ ಡಂಪ್, ಅಂದರೆ ಜಾಬ್ ಬಿದ್ದ ಕ್ಷಣದ ಚಿಕ್ಕ ಸಾರಾಂಶ, ಇರುತ್ತದೆ. ಹತ್ತಿಪ್ಪತ್ತು ಸಾಲು, ಅಷ್ಟೇ. ಜಾಸ್ತಿ ಜನ ಅದನ್ನು ಹಾರಿಸಿ ನೇರ ದೊಡ್ಡ ಡಂಪಿಗೆ ಹೋಗುತ್ತಾರೆ. ನನ್ನ ಪ್ರಕಾರ ಮುಕ್ಕಾಲು ಪಾಲು ಸಾಕ್ ಸೆವೆನ್‌ಗಳಿಗೆ ಈ ಹತ್ತಿಪ್ಪತ್ತು ಸಾಲೇ ಸಾಕು. ಆ ರಾತ್ರಿ ಅದರಲ್ಲಿ ಆಫ್‌ಸೆಟ್ (ಪ್ರೋಗ್ರಾಮಿನ ಶುರುವಿನಿಂದ ಎಷ್ಟು ದೂರ) 154ಇ, ಐಎಲ್‌ಸಿ 6 ಎಂದಿತ್ತು. ಐಎಲ್‌ಸಿ ಅಂದರೆ ಆಗ ಓಡುತ್ತಿದ್ದ ಇನ್‌ಸ್ಟ್ರಕ್ಷನ್ನಿನ ಉದ್ದ, ಬೈಟ್ ಲೆಕ್ಕದಲ್ಲಿ. ಸಾಕ್ ಸೆವೆನ್ ಬಂದಾಗ ಪಿಎಸ್‌ಡಬ್ಲ್ಯೂ (ಪ್ರೊಸೆಸರ್ ಎಲ್ಲಿಗೆ ಬಂದಿದೆ ಎಂದು ತೋರಿಸುವ ಗುರುತು) ತಪ್ಪು ಮಾಡಿದ ಇನ್‌ಸ್ಟ್ರಕ್ಷನ್ ದಾಟಿ ಮುಂದಿನದರ ಮೇಲೆ ನಿಂತಿರುತ್ತದೆ. ಈ ಸಂಖ್ಯೆಗಳು ಹೆಕ್ಸಿನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ ಇರುತ್ತವೆ, 9ರ ಮುಂದೆ ಎಯಿಂದ ಎಫ್. 154ಇಯಿಂದ 6 ಕಳೆದರೆ 1548. ಕಳ್ಳ ಇರುವುದು ಅಲ್ಲಿ.

ಡಂಪಿನಲ್ಲೇ 'ಡೇಟಾ ಅಟ್ ಪಿಎಸ್‌ಡಬ್ಲ್ಯೂ' ಎಂಬ ಸಾಲಿನಲ್ಲಿ ಆ ಆರು ಬೈಟ್ ಕಾಣುತ್ತಿತ್ತು: ಎಫ್ಎ42 ಡಿ0ಎಫ್0 801ಎಫ್.

ಇದನ್ನು ಬಿಡಿಸಿ ಓದುವುದು ನನಗೆ ಈಗಲೂ ಖುಷಿ ಕೊಡುವ ಕೆಲಸ. ಎಫ್ಎ ಅಂದರೆ ಆ್ಯಡ್ ಪ್ಯಾಕ್ಡ್, ಕೂಡುವ ಇನ್‌ಸ್ಟ್ರಕ್ಷನ್. ಮುಂದಿನ 4 ಮತ್ತು 2 ಎರಡು ಸಂಖ್ಯೆಗಳ ಉದ್ದ. ಮಿಷಿನ್ ಒಂದು ಕಡಿಮೆ ಮಾಡಿ ಬರೆಯುತ್ತದೆ, ಹಾಗಾಗಿ ಮೊದಲನೆಯದು 5 ಬೈಟ್, ಎರಡನೆಯದು 3 ಬೈಟ್. ಮೊದಲನೆಯದು ಟೋಟಲ್ ಇರಬೇಕು, ಎರಡನೆಯದು ಅದಕ್ಕೆ ಸೇರಿಸುವ ಮೊತ್ತ. ಎರಡನೆಯದರ ವಿಳಾಸ 801ಎಫ್: 8ನೇ ರಿಜಿಸ್ಟರ್ (ಇಲ್ಲಿ ಪ್ರೊಸೆಸರ್ ವಿಳಾಸ ಇಟ್ಟುಕೊಂಡಿರುವ ಗೂಡು) ತೋರಿಸುವ ಜಾಗದಿಂದ ಹೆಕ್ಸಿನಲ್ಲಿ 1ಎಫ್, ಅಂದರೆ 31 ಬೈಟ್ ಮುಂದೆ. ಕಂಪೈಲ್ ಲಿಸ್ಟಿಂಗ್ ತೆಗೆದು ನೋಡಿದರೆ 8ನೇ ರಿಜಿಸ್ಟರ್ ಇನ್‌ಪುಟ್ ರೆಕಾರ್ಡಿನ ಶುರುವಿಗೆ ಇಟ್ಟಿದ್ದು. ರೆಕಾರ್ಡಿನ 32ನೇ ಕಾಲಮ್ಮಿನಿಂದ ಮೂರು ಬೈಟ್ ನೋಡಬೇಕು, ಅಷ್ಟೇ.

ಫೈಲನ್ನು ಹೆಕ್ಸಿನಲ್ಲಿ ತೆರೆದೆ. ಸರಿಯಾದ ರೆಕಾರ್ಡುಗಳಲ್ಲಿ ಆ ಜಾಗದಲ್ಲಿ 12345ಸಿ ಥರದ್ದು ಇತ್ತು. ಐದು ಅಂಕಿ, ಕೊನೆಯಲ್ಲಿ ಸಿ. ಅದು ಪ್ಲಸ್ ಚಿಹ್ನೆ. ಬಿದ್ದ ರೆಕಾರ್ಡಿನಲ್ಲಿ 404040. ಎಬ್ಸಿಡಿಕ್‌ನಲ್ಲಿ (ಮೇನ್‌ಫ್ರೇಮ್ ಅಕ್ಷರಗಳನ್ನು ಬರೆಯುವ ಸಂಕೇತ) 40 ಅಂದರೆ ಖಾಲಿ ಜಾಗ, ಸ್ಪೇಸ್. ಕೊನೆಯ ಅರ್ಧ ಬೈಟು ಎಯಿಂದ ಎಫ್ ಒಳಗಿನ ಅಕ್ಷರ ಆಗಿರಬೇಕು. ಅಲ್ಲಿದ್ದದ್ದು ಸೊನ್ನೆ. ಮೊತ್ತ ಇರಬೇಕಾದ ಕಡೆ ಯಾರೋ ಮೂರು ಸ್ಪೇಸ್ ಬಿಟ್ಟು ಕಳಿಸಿದ್ದರು.

ಕೆಟ್ಟ ಡಿಸ್ಕ್, ಕೆಟ್ಟ ಕೇಬಲ್ ಇಷ್ಟು ಅಚ್ಚುಕಟ್ಟಾಗಿ ಸ್ಪೇಸ್ ಬರೆಯುವುದಿಲ್ಲ. ಇದು ಮನುಷ್ಯರ ಕೆಲಸ.

"ಈ ಫೈಲ್ ಯಾರು ಕೊಡ್ತಾರೆ?" ಎಂದು ಕಾಲ್‌ನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಎಲ್ಲರೂ ಮ್ಯೂಟ್. ಆಮೇಲೆ ಇನ್ನೊಂದು ಟೀಮಿನವರು ಬಂದರು. ಆ ವಾರವೇ ಅವರ ಕೋಬಾಲ್ ಪ್ರೋಗ್ರಾಮಿಗೆ ಹೊಸ ಬಗೆಯ ಖಾತೆಯೊಂದು ಸೇರಿತ್ತು. ರೆಕಾರ್ಡ್ ಕಟ್ಟುವ ಮೊದಲು ಇಡೀ ರೆಕಾರ್ಡಿಗೆ ಸ್ಪೇಸ್ ತುಂಬುತ್ತಾರೆ, ಆಮೇಲೆ ಒಂದೊಂದೇ ಫೀಲ್ಡ್ ಬರೆಯುತ್ತಾರೆ. ಹೊಸ ಖಾತೆಯ ದಾರಿಯಲ್ಲಿ ಮೊತ್ತ ಬರೆಯುವುದನ್ನೇ ಮರೆತಿದ್ದರು. ನಮ್ಮ ಹುಡುಗನ ಪ್ರೋಗ್ರಾಂ ಮೂರು ವರ್ಷದಿಂದ ಬದಲಾಗಿಲ್ಲ ಎಂಬುದು ಸರಿಯೇ. ಅದಕ್ಕೆ ಬರುವ ಊಟ ಬದಲಾಗಿತ್ತು.

ಇಷ್ಟಾದ ಮೇಲೂ 1:12ರ ಮೆಸೇಜುಗಳು ಹಾಗೇ ಇದ್ದವು. ಜಾಬಿನ ಕಾರಣ ಸಿಕ್ಕಿತು ಎಂದು ಎಲ್ಲರೂ ಕಾಲ್ ಬಿಟ್ಟು ಹೊರಟರು. ನಮ್ಮ ಲೀಡ್ ಮಾತ್ರ, "ಅದನ್ನೂ ನೋಡ್ಬಿಡಪ್ಪ, ನಾಳೆ ನಮ್ಮ ತಲೆ ಮೇಲೇ ಬರುತ್ತೆ" ಎಂದರು.

ಕನ್ಸೋಲಿನ ಸಾಲು ಓಡಿಹೋಗುತ್ತದೆ. ಉಳಿಯುವುದು ಲಾಗ್‌ರೆಕ್‌ನಲ್ಲಿ, ಮಿಷಿನ್ ತನ್ನ ಎರರುಗಳನ್ನು ಬರೆದಿಡುವ ಫೈಲಿನಲ್ಲಿ. ಸಿಸ್1.ಲಾಗ್‌ರೆಕ್ ಎಂಬ ಹೆಸರು ಓಎಸ್/360 ಎಂಬ ಹಳೆಯ ಐಬಿಎಂ ಆಪರೇಟಿಂಗ್ ಸಿಸ್ಟಂ ಕಾಲದಿಂದ ಬಂದದ್ದು. ಪ್ರೊಸೆಸರ್ ಚೆಕ್, ಚಾನೆಲ್ ಎರರ್, ಡಿಸ್ಕ್ ಟೇಪುಗಳ ಗೋಳು, ಸಾಫ್ಟ್‌ವೇರ್ ಅಬೆಂಡುಗಳು, ಕೊನೆಗೆ ಮಿಷಿನ್ ಯಾವಾಗ ಐಪಿಎಲ್ (ಬೂಟ್) ಆಯಿತು ಅನ್ನುವುದೂ ಅದರಲ್ಲಿ ಸೇರುತ್ತದೆ. ಓದಲು ಇರೆಪ್ ಬೇಕು, ಐಎಫ್‌ಸಿಇಆರ್‌ಇಪಿ1 ಎಂಬ ಪ್ರೋಗ್ರಾಂ. ಅದರ ಜೆಸಿಎಲ್‌ನಲ್ಲಿ (ಜಾಬ್ ಓಡಿಸಲು ಬರೆಯುವ ಸೂಚನೆಗಳು) ಟೂರಿಸ್ಟ್ ಎಂಬ ಹೆಸರಿನ ಡಿಡಿ, ಅಂದರೆ ಯಾವ ಫೈಲ್ ಎಂದು ಹೇಳುವ ಸಾಲು, ಇದೆ. ಇರೆಪ್ ತನ್ನ ಮೆಸೇಜುಗಳನ್ನು ಅಲ್ಲಿ ಬರೆಯುತ್ತದೆ. ಆ ಹೆಸರು ಯಾಕೆ ಇಟ್ಟರು ಎಂದು ಹೊಸಬರೆಲ್ಲ ಕೇಳುತ್ತಾರೆ, ನಾನೂ ಕೇಳಿದ್ದೆ, ಯಾರೂ ಹೇಳಲಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಜೀರೋ=ವೈ ಎಂದು ಕೊಟ್ಟರೆ ಇರೆಪ್ ತನ್ನ ಕೆಲಸ ಮುಗಿಸಿ ಲಾಗ್‌ರೆಕ್ಕನ್ನು ಒರೆಸಿಬಿಡುತ್ತದೆ. ಸುಮ್ನೆ ನೋಡಲು ಹೋಗಿ, ಕಾಪಿ ಇಟ್ಟುಕೊಳ್ಳದೆ, ಒಂದು ವಾರದ ಸಾಕ್ಷಿಯನ್ನೆಲ್ಲ ಅಳಿಸಿದವರು ನಮ್ಮಲ್ಲೇ ಒಬ್ಬರಿದ್ದರು. ಪಾಪ, ಆಮೇಲೆ ತಿಂಗಳುಗಟ್ಟಲೆ ಎಲ್ಲರೂ ಅವರನ್ನು ಜೀರೋ ಸಾರ್ ಎಂದೇ ಕರೆದರು.

ಇರೆಪ್ ಬಗೆಬಗೆಯ ರಿಪೋರ್ಟ್ ಕೊಡುತ್ತದೆ. ನಾನು ಮೊದಲು ತೆಗೆಯುವುದು ಈವೆಂಟ್ ಹಿಸ್ಟರಿ. ಒಂದು ರೆಕಾರ್ಡಿಗೆ ಒಂದು ಸಾಲು, ಸಮಯದ ಸಾಲಿನಲ್ಲಿ. ಪ್ರತಿ ರೆಕಾರ್ಡಿನ ವಿವರವನ್ನೂ ಅಚ್ಚು ಮಾಡಿಸಿದರೆ ನೂರಾರು ಪುಟ ಬಂದು ಕಣ್ಣು ಮಂಜಾಗುತ್ತದೆ. ಸಾಲು ಸಾಲಾಗಿ ಇದ್ದರೆ ಅದರ ಆಕಾರ ಕಾಣುತ್ತದೆ. ಎಷ್ಟು ಹೊತ್ತಿಗೆ ಶುರು, ಯಾವಾಗ ಗುಂಪು ಕಟ್ಟಿತು, ಯಾವಾಗ ನಿಂತಿತು.

ಏಳು ದಿನದ್ದು ತೆಗೆದೆ. ಚಾನೆಲ್ ಎರರ್ 41 ಸಾಲು. ಡಿವೈಸ್ ನಂಬರುಗಳು 17. ಮೊದಲು ನೋಡಿದಾಗ ಕಿಚಡಿ. ಒಂದು ಡಿಸ್ಕ್ ಅಲ್ಲ, ಒಂದು ಡಿಸ್ಕ್ ಬಾಕ್ಸೂ ಅಲ್ಲ. ಎರಡು ಬೇರೆ ಬೇರೆ ಕಂಟ್ರೋಲ್ ಯೂನಿಟ್‌ಗಳ (ಡಿಸ್ಕ್ ಬಾಕ್ಸುಗಳ) ಡಿವೈಸುಗಳು. ಸ್ಟೋರೇಜ್ ಟೀಮು ಒಂದು ಬಾಕ್ಸಿನ ಕಾರ್ಡ್ ಬದಲಾಯಿಸುವ ಮಾತಾಡುತ್ತಿತ್ತು. ಬೇಡ, ಸ್ವಲ್ಪ ತಡೀರಿ ಅಂದೆ. ಚಿಪಿಡ್, ಅಂದರೆ ಚಾನೆಲ್ ನಂಬರಿನ ಕಾಲಮ್ ನೋಡಿದೆ. 41ಕ್ಕೆ 41 ಸಾಲಿನಲ್ಲೂ 5ಎ.

ಬೆಂಗಳೂರಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಲ್ಕ್ ಬೋರ್ಡ್ ದಾಟಿ ಬರುವ ಎಲ್ಲ ನಂಬರಿನ ಬಸ್ಸೂ ಲೇಟು, ಬೇರೆ ದಾರಿಯ ಬಸ್ಸುಗಳೆಲ್ಲ ಟೈಮಿಗೆ ಸರಿಯಾಗಿ ಬರುತ್ತಿವೆ ಅಂದರೆ, ಯಾರೂ ಬಸ್ಸಿನ ಇಂಜಿನ್ ಬಿಚ್ಚುವುದಿಲ್ಲ. ಒಂದೇ ಡಿವೈಸ್ ಮತ್ತೆ ಮತ್ತೆ ಬಂದಿದ್ದರೆ ಡಿವೈಸನ್ನು ಅನುಮಾನಿಸಬೇಕಿತ್ತು. ಒಂದೇ ಕಂಟ್ರೋಲ್ ಯೂನಿಟ್ ಎಲ್ಲ ಚಿಪಿಡ್‌ಗಳಲ್ಲೂ ಬಂದಿದ್ದರೆ ಆ ಬಾಕ್ಸನ್ನು, ಅಥವಾ ಸ್ವಿಚ್‌ನಿಂದ (ಚಾನೆಲ್‌ಗಳನ್ನೂ ಬಾಕ್ಸುಗಳನ್ನೂ ನಡುವೆ ಜೋಡಿಸುವ ಪೆಟ್ಟಿಗೆ) ಅದಕ್ಕೆ ಹೋಗುವ ದಾರಿಯನ್ನು. ಇಲ್ಲಿ ಎಲ್ಲಕ್ಕೂ ಸಾಮಾನ್ಯವಾದದ್ದು 5ಎ ಒಂದೇ. ಹಾಗಾದರೆ ತೊಂದರೆ ಪ್ರೊಸೆಸರ್ ಕಡೆಯ ಚಾನೆಲ್ ಕಾರ್ಡಿಗೂ ಸ್ವಿಚ್ಚಿಗೂ ನಡುವೆ. ಆ ತುಂಡಿನಲ್ಲಿ ಕಾರ್ಡು, ಒಂದು ಕೇಬಲ್, ಸ್ವಿಚ್ಚಿನ ಒಂದು ಪೋರ್ಟು ಬಿಟ್ಟರೆ ಬೇರೇನೂ ಇಲ್ಲ.

ಆಮೇಲೆ ನೆನಪಾಯಿತು. ನಾನು ನೋಡಿದ್ದು ಒಂದೇ ಎಲ್‌ಪಾರಿನ (ಒಂದು ಮಿಷಿನ್ನನ್ನು ಪಾಲು ಮಾಡಿದಾಗ ಸಿಗುವ ಒಂದು ಪಾಲು) ಲಾಗ್. ಅದೇ ಚಾನೆಲನ್ನು ಇನ್ನೂ ಎರಡು ಎಲ್‌ಪಾರುಗಳು ಹಂಚಿಕೊಂಡಿದ್ದವು. ಸಿಸ್‌ಪ್ಲೆಕ್ಸಿನಲ್ಲಿ (ಒಟ್ಟಿಗೆ ಕೆಲಸ ಮಾಡುವ ಸಿಸ್ಟಂಗಳ ಗುಂಪು) ಲಾಗ್‌ರೆಕ್ಕನ್ನು ಲಾಗ್ ಸ್ಟ್ರೀಮ್, ಅಂದರೆ ಎಲ್ಲರೂ ಬರೆಯುವ ಒಂದೇ ಲಾಗ್, ಮಾಡಿಟ್ಟಿದ್ದರೆ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಅಲ್ಲಿ ಹಾಗೆ ಮಾಡಿರಲಿಲ್ಲ. ಮೂರನ್ನೂ ಬೇರೆ ಬೇರೆ ತೆಗೆದು ಪಕ್ಕ ಪಕ್ಕ ಇಟ್ಟೆ. ಮೂರರಲ್ಲೂ 5ಎ, ಮೂರರಲ್ಲೂ ಮೊದಲ ಸಾಲು ಮಂಗಳವಾರ ರಾತ್ರಿ ಹತ್ತು ಗಂಟೆಯ ಆಸುಪಾಸು. ಅದಕ್ಕೂ ಹಿಂದೆ ಒಂದೂ ಇಲ್ಲ.

ಲಾಗ್ ಓದುವುದರಲ್ಲಿ ನಾನು ತುಂಬಾ ಬೆಲೆ ಕೊಡುವುದು ಈ ಮೊದಲ ಸಾಲಿಗೆ. ನೂರು ಎರರ್ ಬಂದವು ಎನ್ನುವುದಕ್ಕಿಂತ ಯಾವಾಗಿನಿಂದ ಬಂದವು ಎನ್ನುವುದು ದೊಡ್ಡ ಸುಳಿವು. ಹಾರ್ಡ್‌ವೇರ್ ತಾನಾಗಿ ಸವೆದು ಹಾಳಾದರೆ ಎರರ್ ಮೆಲ್ಲಗೆ ಏರುತ್ತಾ ಹೋಗುತ್ತದೆ, ನಾನು ಕಂಡ ಮಟ್ಟಿಗೆ. ಸೊನ್ನೆಯಿಂದ ಒಮ್ಮೆಲೇ ಶುರುವಾದರೆ ಅಲ್ಲಿ ಯಾರದೋ ಕೈ ಆಡಿದೆ.

ಡೇಟಾ ಸೆಂಟರಿನವರಿಗೆ ಫೋನ್ ಮಾಡಿ, ಮಂಗಳವಾರ ರಾತ್ರಿ ಏನಾದರೂ ಕೆಲಸ ನಡೆಯಿತೇ ಎಂದು ಕೇಳಿದೆ. ಚೇಂಜ್ ರೆಕಾರ್ಡ್ ಹುಡುಕಿದರು. ಬೇರೆ ಯಾವುದೋ ಮಿಷಿನ್ನಿಗೆ ಹೊಸ ಕೇಬಲ್ ಎಳೆದಿದ್ದರು. ನಮ್ಮ ಮೇನ್‌ಫ್ರೇಮ್ ಹೆಸರೇ ಆ ಟಿಕೆಟ್ಟಿನಲ್ಲಿ ಇರಲಿಲ್ಲ. ದಾರಿಗೆ ಅಡ್ಡ ಬಂತೆಂದು ಸ್ವಿಚ್ಚಿನಿಂದ ಒಂದು ಕೇಬಲ್ ಕಿತ್ತು, ಎರಡು ನಿಮಿಷದಲ್ಲಿ ವಾಪಸ್ ಸಿಕ್ಕಿಸಿದ್ದರಂತೆ.

5ಎ ಚಾನೆಲನ್ನು ನಿಲ್ಲಿಸುವ ಕಮಾಂಡ್ ಕೊಡುವ ಮುಂಚೆ ಡಿ ಎಂ=ಡೆವ್ ಕೊಟ್ಟು, ಆ ಡಿವೈಸುಗಳಿಗೆ ಬೇರೆ ದಾರಿಗಳು ಇವೆಯೇ ಎಂದು ನೋಡಿಕೊಂಡೆ. ಎಂಟು ದಾರಿ, ಎಂಟೂ ಆನ್‌ಲೈನ್. ಮೂರು ಎಲ್‌ಪಾರಿನಲ್ಲೂ ಸಿಎಫ್ ಸಿಎಚ್‌ಪಿ(5ಎ),ಆಫ್‌ಲೈನ್. ಒಂದರಲ್ಲಿ ಮಾಡಿ ಇನ್ನೆರಡನ್ನು ಬಿಟ್ಟರೆ ಉಪಯೋಗ ಇಲ್ಲ. ಏಳು ದಾರಿಯಲ್ಲಿ ಕೆಲಸ ನಡೆಯಿತು, ಬಳಕೆದಾರರಿಗೆ ಗೊತ್ತೇ ಆಗಲಿಲ್ಲ. ಎರರ್ ಅಲ್ಲಿಗೆ ನಿಂತಿತು.

ಮಾರನೇ ದಿನ ಟೆಕ್ನಿಷಿಯನ್ ಸ್ಕೋಪ್ ಹಿಡಿದು ಕೇಬಲ್ಲಿನ ತುದಿ ನೋಡಿ ಫೋಟೋ ಕಳಿಸಿದ. ನಡುವೆ ಒಂದು ಕಪ್ಪು ಚುಕ್ಕೆ, ಧೂಳು. ಈ ಲಾಂಗ್‌ವೇವ್ ಫೈಬರಿನ ಒಳಗೆ ಬೆಳಕು ಹರಿಯುವ ಜಾಗ ಸುಮಾರು 9 ಮೈಕ್ರಾನ್. ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಕಣ್ಣಿಗೆ ಕಾಣದ ಧೂಳೂ ಅಲ್ಲಿ ಬಂಡೆ. ಕಿತ್ತು ಸಿಕ್ಕಿಸುವಾಗ ಒರೆಸಿದ್ದರೆ ಆಗುತ್ತಿತ್ತು. ಬೆಳಕು ಪೂರ್ತಿ ನಿಂತಿದ್ದರೆ ಚಾನೆಲ್ ಆಗಲೇ ಸತ್ತು ಎಲ್ಲರಿಗೂ ಗೊತ್ತಾಗುತ್ತಿತ್ತು. ಅರೆಬರೆ ಹೋಗುತ್ತಿದ್ದುದರಿಂದ ಮೂರು ದಿನ ಒದ್ದಾಡಿಸಿತು.

ತುದಿ ಒರೆಸಿದರು. ಶನಿವಾರ 5ಎ ಆನ್‌ಲೈನ್ ಮಾಡಿದೆವು. ಸೋಮವಾರ ಮತ್ತೆ ಇರೆಪ್ ಓಡಿಸಿದೆ, ಜೀರೋ=ಎನ್ ಕೊಟ್ಟು. 5ಎ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ.

ಜಾಬಿನ ಕಥೆ ಹೇಳುವುದು ಬಾಕಿ ಉಳಿಯಿತು. ಅವತ್ತೇ ಅದನ್ನು ಎಬ್ಬಿಸಬೇಕಿತ್ತು, ಫೈಲ್ ಕೊಡುವ ಟೀಮಿಗೆ ಪ್ರೋಗ್ರಾಂ ತಿದ್ದಲು ಎರಡು ವಾರ ಬೇಕಿತ್ತು. ಹೊಸ ಖಾತೆಗಳಿಗೆ ಆ ಮೊತ್ತ ಸೊನ್ನೆಯೇ ಎಂದು ಅವರಿಂದ ಬರೆಸಿಕೊಂಡೆವು. ಅದು ಬರೆದು ಬರುವವರೆಗೆ ಏನೂ ಮುಟ್ಟಲಿಲ್ಲ, ಬ್ಯಾಂಕಿನ ದುಡ್ಡು ನೋಡಿ. ಆಮೇಲೆ ಜಾಬಿನ ಮುಂದೆ ಒಂದು ಸಾರ್ಟ್ ಸ್ಟೆಪ್, ಫೈಲನ್ನು ಮೊದಲೇ ಸರಿಮಾಡುವ ಹಂತ, ಸೇರಿಸಿದೆವು: 32ನೇ ಕಾಲಮ್ಮಿನಿಂದ ಮೂರು ಬೈಟ್ 404040 ಇದ್ದರೆ ಅಲ್ಲಿ 00000ಸಿ ಬರೆ. ಒಂದೇ ಸಾಲಿನ ಐಎಫ್‌ದೆನ್. ಜಾಬ್ ಓಡಿತು, ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ರಿಪೋರ್ಟ್ ಅವರ ಕೈಯಲ್ಲಿತ್ತು.

ಎರಡು ವಾರಕ್ಕೆ ಅಂತ ಹಾಕಿದ ಆ ಸ್ಟೆಪ್, ನಾಲ್ಕು ವರ್ಷದ ಮೇಲೆ ನಾನು ಆ ಪ್ರಾಜೆಕ್ಟ್ ಬಿಡುವಾಗಲೂ ಅಲ್ಲೇ ಓಡುತ್ತಿತ್ತು. "ತೆಗೆಯೋಣ್ವಾ ಸರ್?" ಎಂದು ಹೊಸಬನೊಬ್ಬ ಕೇಳಿದ. ಬೇಡ, ಮುಟ್ಟಬೇಡ ಅಂದೆ.